ಶಸ್ತ್ರವೈದ್ಯಗುರು ವಿಲಿಯಂ ಹಾಲ್‌ಸ್ಟೆಡ್ಡರು

ಹೊಟ್ಟೆಯೊಳಗಣ ಬೇನೆಯು ಹೊರಗಿನವರ ಕಣ್ಣಿಗೆ ಕಾಣತಕ್ಕುದಲ್ಲ. ಕೈ ಮುರಿದವನನ್ನು ಕಂಡು ಮರುಗುವವರು ಹಲವರುಂಟು. ಆದರೆ ಪಿತ್ತಕೋಶದಲ್ಲಿ ಹರಳು ಕಟ್ಟಿ ನಡುರಾತ್ರಿಯಲ್ಲಿ ಹೊರಳಾಡುವವನ ಸಂಕಟವನ್ನು ಅದನ್ನು ಅನುಭವಿಸಿದವನೇ ಬಲ್ಲನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೂ ಇಂತಹ ರೋಗಿಗೆ ಪಥ್ಯ, ಬಿಸಿನೀರಿನ ಕಾವು, ಅಫೀಮು ಇವುಗಳ ಹೊರತು ಬೇರೆ ಗತಿಯಿರಲಿಲ್ಲ. ಹೊಟ್ಟೆಯನ್ನು ಸೀಳಿ ರೋಗದ ಮೂಲವನ್ನು ಕಂಡು ಕೀಳಬಹುದೆಂಬ ಮಾತು ಹುಚ್ಚರ ಮಾತಾಗಿ ತೋರುತ್ತಿದ್ದ ಕಾಲವದು. ಆ ಕಾಲವನ್ನು ದಾಟಿಸಿ ಇಂದಿನ ಶಸ್ತ್ರವೈದ್ಯಕ್ಕೆ ತಳಹದಿಯನ್ನಿಟ್ಟ ಮಹನೀಯರಲ್ಲಿ ಅಮೇರಿಕ ದೇಶದ ಡಾಕ್ಟರ್ ವಿಲಿಯಂ ಸ್ಟೂವರ್ಟ್ ಹಾಲ್‌ಸ್ಟೆಡ್ಡರು ಅಗ್ರಗಣ್ಯರು.

ಇವರ ಚರಿತ್ರೆಯಲ್ಲಿ ಒಂದು ಸೋಜಿಗವುಂಟು. ಹೆತ್ತ ತಾಯಿಯ ಪಿತ್ತಕೋಶವನ್ನು ತಮ್ಮ ಕೈಯಿಂದಲೇ ಕೊಯ್ದು ಆಕೆಯ ಪ್ರಾಣವನ್ನುಳಿಸಿದವರು ಇವರು. ಕೊನೆಗೆ ಅದೇ ಪಿತ್ತದ ಹರಳಿನ ಬೇನೆಗೆ ತಾವೇ ಗುರಿಯಾಗಿ, ತಾವು ಕಲಿಸಿದ ಶಿಷ್ಯರ ಕತ್ತಿಗೆ ತಮ್ಮ ಮೈಯನ್ನೊಪ್ಪಿಸಿದವರೂ ಇವರೇ. ಗುರುವಿನ ಮಹಿಮೆಯನ್ನೂ ಶಿಷ್ಯನ ಹೊಣೆಯನ್ನೂ ಬಲ್ಲ ಭಕ್ತಮಹಾಶಯರಿಗೆ ಈ ಚರಿತ್ರೆಯು ಮನನಯೋಗ್ಯವಾಗಿದೆ.

ಬೇನೆಯ ಸ್ವರೂಪ

ಚರಿತ್ರೆಯನ್ನು ಹೇಳುವುದಕ್ಕೆ ಮುನ್ನ ಬೇನೆಯ ಬಗೆಯನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. ನಮ್ಮ ಬಲಗಡೆಯ ಪಕ್ಕೆಲುಬಿನ ಕೆಳಗೆ ಯಕೃತ್ತು ಇರುತ್ತದೆ. ಅದರಲ್ಲಿ ಹುಟ್ಟಿದ ಪಿತ್ತರಸವು ಒಂದು ಸಣ್ಣ ಚೀಲದಲ್ಲಿ ಸಂಗ್ರಹವಾಗಿ, ಜಿಡ್ಡಿನ ಆಹಾರವು ಹೊಟ್ಟೆಗೆ ಬಿದ್ದಾಗ ನಾಳದ ಮೂಲಕ ಕರುಳಿಗೆ ಇಳಿಯುತ್ತದೆ. ಆ ಚೀಲವೇ ಪಿತ್ತಕೋಶ. ರಸವು ಗಟ್ಟಿಯಾಗಿ ಹರಳು ಕಟ್ಟಿದರೆ, ಅನೇಕರಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ಸುಮ್ಮನೆ ಬಿದ್ದಿರುತ್ತದೆ. ಆದರೆ ಹರಳು ಚೀಲದ ಬಾಯಿಗೆ ಸಿಕ್ಕಿಕೊಂಡರೆ ಬಲಪಕ್ಕೆಯಿಂದ ಬೆನ್ನಿಗೂ ಹೆಗಲಿಗೂ ಹರಿಯುವ ಕಠೋರವಾದ ನೋವು ಹುಟ್ಟುತ್ತದೆ. ಚೀಲವು ಬಾತು ಕೀವುಗಟ್ಟುವುದೂ ಉಂಟು. ಹರಳು ಜಾರಿ ದೊಡ್ಡ ಪಿತ್ತನಾಳಕ್ಕೆ ಇಳಿದು ಅಡ್ಡಗಟ್ಟಿದರೆ ಕಣ್ಣು ಮೈ ಹಳದಿಯಾಗಿ ಕಾಮಾಲೆ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ನೆಂಟನಾದ ಮತ್ತೊಂದು ಉಪದ್ರವವುಂಟು. ಹೊಟ್ಟೆಯ ಒಳಮೈಯನ್ನೂ ಕರುಳುಗಳನ್ನೂ ನುಣುಪಾದ, ತೇವವಾದ ಒಂದು ತೆಳುಪೊರೆಯು ಹೊದ್ದಿರುತ್ತದೆ. ಇದರಿಂದಲೇ ಕರುಳುಗಳು ಒಂದರ ಮೇಲೊಂದು ಜಾರುತ್ತ ತಮ್ಮ ಕೆಲಸವನ್ನು ಮಾಡುತ್ತವೆ. ಆ ಪೊರೆಗೆ ಕತ್ತಿಯ ಗಾಯವಾದರೆ, ಕೀವು ತಗುಲಿದರೆ, ನೆತ್ತರು ನಿಂತರೆ, ಹೊರಗಿನ ಧೂಳು ಬಿದ್ದರೆ ಅಲ್ಲಿ ಅಂಟಿನಂತಹ ದ್ರವವು ಒಸರಿ ಕಾಲಕ್ರಮದಲ್ಲಿ ನಾರಾಗಿ ಬಲಿಯುತ್ತದೆ. ಆಗ ಕರುಳು ಕರುಳಿಗೋ, ಕರುಳು ಹೊಟ್ಟೆಯ ಗೋಡೆಗೋ ಕಚ್ಚಿಕೊಳ್ಳುತ್ತದೆ. ಇದನ್ನು ಅಂಟಿಕೆ ಎಂದು ಕರೆಯಬಹುದು. ಹೊಟ್ಟೆಯ ಶಸ್ತ್ರಕ್ರಿಯೆಯಾದವರಲ್ಲಿ ಹೆಚ್ಚಿನವರಿಗೆ ಇದು ಸ್ವಲ್ಪವಾದರೂ ಉಂಟಾಗುತ್ತದೆ, ಬಹುಜನರಿಗೆ ಬಾಧೆಯಿಲ್ಲ. ಕೆಲವರಲ್ಲಿ ಮಾತ್ರ ಕರುಳು ಮಡಿಚಿ ದಾರಿ ಕಟ್ಟುತ್ತದೆ. ಮತ್ತೆ ಹೊಟ್ಟೆಯನ್ನು ತೆರೆಯಬೇಕಾಗಿ ಬಂದ ವೈದ್ಯನಿಗೆ ಅಂಟಿಕೊಂಡ ಅಂಗಗಳನ್ನು ಹರಿಯದಂತೆ ಬಿಡಿಸುವುದೇ ದೊಡ್ಡ ಪರೀಕ್ಷೆಯಾಗುತ್ತದೆ. ಅಂಟಿಕೆಯನ್ನು ಬಿಡಿಸಲು ಮಾಡಿದ ಶಸ್ತ್ರಕ್ರಿಯೆಯೇ ಹೊಸ ಅಂಟಿಕೆಗೆ ಕಾರಣವಾಗುವುದೂ ಉಂಟು. ಆದುದರಿಂದ ಕೊಯ್ಯುವ ಕೈ ಎಷ್ಟು ಮೃದುವಾಗಿದ್ದರೆ ರೋಗಿಗೆ ಅಷ್ಟು ಕ್ಷೇಮ. ಈ ತತ್ತ್ವವನ್ನೇ ಹಾಲ್‌ಸ್ಟೆಡ್ಡರು ಲೋಕಕ್ಕೆ ಕಲಿಸಿದರು.

ಜನನ, ವಿದ್ಯಾಭ್ಯಾಸ

ಹಾಲ್‌ಸ್ಟೆಡ್ಡರು 1852ನೆಯ ಇಸವಿ ಸೆಪ್ಟೆಂಬರ್ 23ರಂದು ನ್ಯೂಯಾರ್ಕ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಅರಿವೆಯ ವ್ಯಾಪಾರದಲ್ಲಿ ಐಶ್ವರ್ಯವನ್ನು ಗಳಿಸಿದ ಗೃಹಸ್ಥರು. ಮಗನಿಗೆ ಯಾವ ಕೊರತೆಯೂ ಇರಲಿಲ್ಲ. ಹಾಗೆಯೇ ವಿದ್ಯೆಯಲ್ಲಿ ವಿಶೇಷವಾದ ಆಸ್ಥೆಯೂ ಇರಲಿಲ್ಲ. ಯೇಲ್ ವಿದ್ಯಾಪೀಠದಲ್ಲಿ ಓದುತ್ತಿದ್ದಾಗ ಇವರು ಪುಸ್ತಕಕ್ಕಿಂತ ಆಟದ ಬಯಲಿನಲ್ಲಿ ಹೆಸರಾದರು. ಕಾಲ್ಚೆಂಡಿನ ತಂಡಕ್ಕೆ ನಾಯಕರಾದರು. ಕೊನೆಯ ವರ್ಷದಲ್ಲಿ ಶರೀರರಚನೆಯ ಗ್ರಂಥವೊಂದನ್ನೂ ಶರೀರಧರ್ಮದ ಗ್ರಂಥವೊಂದನ್ನೂ ಕೊಂಡು ಓದತೊಡಗಿದರು. ಅಲ್ಲಿಂದ ಅವರ ಬಾಳಿನ ದಿಕ್ಕೇ ತಿರುಗಿತು. 1874ರಲ್ಲಿ ಯೇಲನ್ನು ಬಿಟ್ಟು ನ್ಯೂಯಾರ್ಕಿನ ವೈದ್ಯಶಾಲೆಯನ್ನು ಸೇರಿ 1877ರಲ್ಲಿ ವೈದ್ಯಪದವಿಯನ್ನು ಪಡೆದರು.

ಮರುವರ್ಷ ಯುರೋಪಿಗೆ ತೆರಳಿ ಎರಡು ವರ್ಷ ವಿಯೆನ್ನಾ ಮೊದಲಾದ ಪಟ್ಟಣಗಳ ವಿದ್ಯಾಪೀಠಗಳಲ್ಲಿ ವ್ಯಾಸಂಗ ಮಾಡಿದರು. ಬಿಲ್‌ರೋಟ್ ಮುಂತಾದ ಆಚಾರ್ಯರ ಶಸ್ತ್ರಕೌಶಲವನ್ನು ಅಲ್ಲಿ ಕಣ್ಣಾರೆ ಕಂಡರು. ಅಲ್ಲಿಯ ಆಚಾರ್ಯನು ತರುಣ ವೈದ್ಯರನ್ನು ವರ್ಷಗಟ್ಟಲೆ ತನ್ನ ಬಳಿಯಲ್ಲಿಟ್ಟುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಪಳಗಿಸುವ ಪದ್ಧತಿಯು ಇವರ ಮನಸ್ಸಿನಲ್ಲಿ ಬೇರೂರಿತು. 1880ರಲ್ಲಿ ನ್ಯೂಯಾರ್ಕಿಗೆ ಮರಳಿದ ಮೇಲೆ ಹಗಲಿರುಳೆನ್ನದೆ ಅನೇಕ ಆಸ್ಪತ್ರೆಗಳಲ್ಲಿ ದುಡಿದರು. ಗಾಯದೊಳಕ್ಕೆ ಕ್ರಿಮಿಗಳು ಹೋಗದಂತೆ ತಡೆಯಬೇಕೆಂದು ಇಂಗ್ಲೆಂಡಿನ ಲಿಸ್ಟರರು 1867ರಲ್ಲಿ ಬೋಧಿಸಿದ್ದರೂ ಹಳೆಯ ವೈದ್ಯರು ಅದನ್ನು ಲೆಕ್ಕಿಸುತ್ತಿರಲಿಲ್ಲ. ಬೆಲೆವ್ಯೂ ಆಸ್ಪತ್ರೆಯ ಕೊಠಡಿಗಳು ಶುಚಿಯಾಗಿಲ್ಲವೆಂದು ಇವರು ಅದರ ಆವರಣದಲ್ಲಿ ಪ್ರತ್ಯೇಕವಾಗಿ ಒಂದು ಡೇರೆಯನ್ನೇ ಹಾಕಿಸಿ ಶಸ್ತ್ರಕ್ರಿಯೆಗಳನ್ನು ನಡೆಸಿದರು.

ಸೋದರಿಗೆ ರಕ್ತ, ತಾಯಿಗೆ ಪ್ರಾಣ

1881ರಲ್ಲಿ ಇವರ ಸೋದರಿಯು ಹೆರಿಗೆಯಾದ ಮೇಲೆ ವಿಪರೀತವಾದ ರಕ್ತಸ್ರಾವದಿಂದ ಕೈಕಾಲು ತಣ್ಣಗಾಗಿ ಮರಣೋನ್ಮುಖಿಯಾದಳು. ಹಾಲ್‌ಸ್ಟೆಡ್ಡರು ಮೊದಲು ಸ್ರಾವವನ್ನು ತಡೆದು, ತಮ್ಮ ತೋಳಿನ ನೆತ್ತರನ್ನೇ ಪಿಚಕಾರಿಯಲ್ಲಿ ಸೆಳೆದು ಆಕೆಯ ನರಕ್ಕೆ ತುಂಬಿದರು. ಸೋದರಿಯು ಬದುಕಿದಳು. ರಕ್ತದಲ್ಲಿ ಬೇರೆ ಬೇರೆ ಗುಂಪುಗಳುಂಟೆಂಬುದನ್ನು ಲ್ಯಾಂಡ್‌ಸ್ಟೈನರರು ಪ್ರಕಟಿಸಿದುದು 1901ರಲ್ಲಿ. ಅಣ್ಣನ ರಕ್ತವು ತಂಗಿಗೆ ಒಗ್ಗಿದುದು ಆಕೆಯ ಪುಣ್ಯವೆಂದೇ ಹೇಳಬೇಕು.

ಮರುವರ್ಷ, ಎಂದರೆ 1882ರಲ್ಲಿ, ಆಲ್ಬನಿ ಪಟ್ಟಣದಲ್ಲಿದ್ದ ತಾಯಿಗೆ ಕಡುಬೇನೆಯೆಂಬ ಕರೆ ಬಂದಿತು. ಧಾವಿಸಿ ಹೋಗಿ ನೋಡಲು, ಆಕೆಗೆ ಜ್ವರವೇರಿ ಕಾಮಾಲೆ ಹರಡಿ, ಬಲಪಕ್ಕೆಯ ಕೆಳಗೆ ಮುಟ್ಟಗೊಡದಂತಹ ಗಡ್ಡೆಯು ಎದ್ದಿತ್ತು. ಪಿತ್ತಕೋಶದಲ್ಲಿ ಕೀವು ತುಂಬಿದೆಯೆಂದು ಮಗನು ಅರಿತನು. ಬೆಳಗಾಗುವವರೆಗೆ ಕಾದರೆ ಚೀಲವು ಒಡೆದು ಕೀವು ಹೊಟ್ಟೆಯೆಲ್ಲ ಹರಡುವ ಭಯ. ಕೊಯ್ದರೆ ಕತ್ತಿಯ ಕೆಳಗೇ ಪ್ರಾಣ ಹೋಗುವ ಭಯ. ಆ ದಿನಗಳಲ್ಲಿ ಇಂತಹ ಶಸ್ತ್ರಕ್ರಿಯೆಯನ್ನು ಮಾಡಿದವರು ಬೆರಳೆಣಿಕೆಯಷ್ಟು. ಇಂಡಿಯಾನಾಪೊಲಿಸ್ಸಿನ ಬಾಬ್ಸರು 1867ರಲ್ಲಿ ಪಿತ್ತಕೋಶವನ್ನು ತೆರೆದು ಹರಳುಗಳನ್ನು ತೆಗೆದಿದ್ದರು. ಪಿತ್ತಕೋಶವನ್ನು ಇಡಿಯಾಗಿ ಮೊದಲು ತೆಗೆದವರು ಬರ್ಲಿನ್ನಿನ ಲಾಂಗೆನ್‌ಬುಕ್ ಎಂಬವರು. ಅದು 1882ರ ಜುಲೈ 15ರ ಸಂಗತಿ.

ಹೆತ್ತವಳ ಮೈಗೆ ಕತ್ತಿಯನ್ನಿಡುವ ಧೈರ್ಯವು ಎಂತಹ ಮಗನಿಗೂ ಸುಲಭವಾಗಿ ಬರತಕ್ಕುದಲ್ಲ. ಮಮತೆಯು ಕೈಯನ್ನು ಹಿಂದಕ್ಕೆ ಎಳೆಯುತ್ತದೆ; ಆ ರಾತ್ರಿ ಮುಂದಕ್ಕೆ ತಳ್ಳಿದುದೂ ಮಮತೆಯೇ. ರಾತ್ರಿ ಎರಡು ಗಂಟೆಯ ವೇಳೆಗೆ ಅಡಿಗೆಮನೆಯ ಮೇಜಿನ ಮೇಲೆ ತಾಯಿಯನ್ನು ಮಲಗಿಸಿ ಹಾಲ್‌ಸ್ಟೆಡ್ಡರು ಪಿತ್ತಕೋಶವನ್ನು ತೆರೆದರು, ಕೀವನ್ನು ಹೊರಹರಿಸಿದರು, ಏಳು ಹರಳುಗಳನ್ನು ತೆಗೆದರು. ತಾಯಿಯು ಚೇತರಿಸಿಕೊಂಡಳು. ಆಗ ಇವರಿಗೆ ಮೂವತ್ತರ ಪ್ರಾಯವೂ ಪೂರ್ಣವಾಗಿ ತುಂಬಿರಲಿಲ್ಲ. ಅಮೇರಿಕದಲ್ಲಿ ನಡೆದ ಪಿತ್ತಕೋಶದ ಮೊದಮೊದಲಿನ ಶಸ್ತ್ರಕ್ರಿಯೆಗಳಲ್ಲಿ ಇದೊಂದೆಂದು ವೈದ್ಯಚರಿತ್ರೆಯಲ್ಲಿ ದಾಖಲಾಗಿದೆ.

ಪತನ ಮತ್ತು ಪುನರುತ್ಥಾನ

ಹೀಗೆ ಕೀರ್ತಿಯ ಶಿಖರವನ್ನೇರುತ್ತಿದ್ದವರಿಗೆ ಭಯಂಕರವಾದ ಒಂದು ವಿಪತ್ತು ಕಾದಿತ್ತು. ಕೊಕೇನೆಂಬ ದ್ರವ್ಯವನ್ನು ಹಾಕಿದರೆ ಕಣ್ಣು ನೋವನ್ನರಿಯದೆಂದು ವಿಯೆನ್ನಾದ ಕೊಲ್ಲರರು 1884ರಲ್ಲಿ ತೋರಿಸಿದರು. ಅದನ್ನು ಕೇಳಿದೊಡನೆಯೇ ಹಾಲ್‌ಸ್ಟೆಡ್ಡರೂ ಅವರ ಸಂಗಡಿಗರೂ ಆ ದ್ರವ್ಯವನ್ನು ನರದ ಬಳಿಗೆ ಚುಚ್ಚಿದರೆ ಆ ನರವು ಹರಡಿದ ಭಾಗವೆಲ್ಲ ಜೋಮು ಹಿಡಿಯುವುದೆಂದು ಕಂಡುಹಿಡಿದರು. ಇಂದು ಹಲ್ಲು ಕೀಳುವಾಗ ವೈದ್ಯನು ಮಾಡುವ ಚುಚ್ಚುಮದ್ದಿನ ಉಪಾಯಕ್ಕೆ ಮೂಲವು ಇದೇ. ಆದರೆ ಅವರು ಪ್ರಯೋಗಗಳನ್ನು ನಡೆಸಿದುದು ತಮ್ಮ ತಮ್ಮ ಮೈಮೇಲೆಯೇ. ಆ ದ್ರವ್ಯವು ಮನುಷ್ಯನನ್ನು ದಾಸನನ್ನಾಗಿ ಮಾಡಿಕೊಳ್ಳುವುದೆಂಬುದು ಆಗ ಅವರಿಗೆ ತಿಳಿಯದು. ಸಂಗಡಿಗರಲ್ಲಿ ಹಲವರು ಅದಕ್ಕೆ ಬಲಿಯಾದರು. ಹಾಲ್‌ಸ್ಟೆಡ್ಡರ ಉದ್ಯೋಗವೂ ಆರೋಗ್ಯವೂ ಮಾನವೂ ಮಣ್ಣುಗೂಡುವ ಸ್ಥಿತಿ ಬಂದಿತು.

1886ರಲ್ಲಿ ಪ್ರಾವಿಡೆನ್ಸ್ ಪಟ್ಟಣದ ಬಟ್ಲರ್ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರು. ಕೊಕೇನನ್ನು ಬಿಡಿಸಲು ಅಫೀಮಿನ ಸತ್ವವಾದ ಮಾರ್ಫೀನನ್ನು ಕೊಡುವುದು ಅಂದಿನ ಪದ್ಧತಿ. ಒಂದು ಸಂಕೋಲೆಯನ್ನು ಕಳಚಲು ಮತ್ತೊಂದನ್ನು ತೊಡಿಸಿದಂತಾಯಿತು. ಇಂತಹ ವೇಳೆಯಲ್ಲಿ ಮಿತ್ರನಾದ ಡಾಕ್ಟರ್ ವಿಲಿಯಂ ವೆಲ್ಚರು ಕೈಬಿಡಲಿಲ್ಲ. ಬಾಲ್ಟಿಮೋರ್ ಪಟ್ಟಣದ ತಮ್ಮ ಮನೆಯಲ್ಲಿ ಇರಿಸಿಕೊಂಡು ತಮ್ಮ ಪ್ರಯೋಗಶಾಲೆಯಲ್ಲಿ ಕೆಲಸವನ್ನು ಕೊಟ್ಟರು. ಮತ್ತೊಮ್ಮೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ ಆ ಮಿತ್ರನ ವಿಶ್ವಾಸವು ಕುಂದಲಿಲ್ಲ. ಆ ಪ್ರಯೋಗಶಾಲೆಯಲ್ಲಿಯೇ ಹಾಲ್‌ಸ್ಟೆಡ್ಡರು ಕರುಳಿನ ಗೋಡೆಯ ಪದರಗಳನ್ನು ಪರೀಕ್ಷಿಸಿ, ಒಳಪೊರೆಯ ಹಿಂದಣ ನಾರುಪದರವೇ ಹೊಲಿಗೆಯನ್ನು ಹಿಡಿದಿಡತಕ್ಕುದೆಂದು 1887ರಲ್ಲಿ ತೋರಿಸಿದರು. ಕರುಳನ್ನು ಹೊಲಿಯುವ ವಿದ್ಯೆಗೆ ಇದು ಆಧಾರವಾಯಿತು.

ಮಾರ್ಫೀನಿನ ಬಂಧನವು ಅವರನ್ನು ಕಡೆಯವರೆಗೂ ಪೂರ್ಣವಾಗಿ ಬಿಡಲಿಲ್ಲ. ಈ ಗುಟ್ಟನ್ನು ಬಲ್ಲ ಸಹೋದ್ಯೋಗಿ ವಿಲಿಯಂ ಓಸ್ಲರರು ಬರೆದಿಟ್ಟ ಗುಪ್ತಲೇಖವು 1969ರಲ್ಲಿ ಬೆಳಕು ಕಂಡಿತು. ಇದನ್ನು ಇಲ್ಲಿ ಮರೆಮಾಚದೆ ಹೇಳಿರುವುದು ಆ ಮಹನೀಯರನ್ನು ಹಳಿಯಲಿಕ್ಕಲ್ಲ. ಹೆಗಲ ಮೇಲೆ ಇಂತಹ ಭಾರವನ್ನು ಹೊತ್ತು ಮೂವತ್ತಮೂರು ವರ್ಷ ಲೋಕೋಪಕಾರವನ್ನು ಮಾಡಿದರೆಂಬುದೇ ವಿಸ್ಮಯಕರವಾದುದು. ಬಿದ್ದವನನ್ನು ದೂರವಿಡದೆ ಕೆಲಸಕ್ಕೆ ಹಚ್ಚಿ ಎತ್ತಿದ ಮಿತ್ರನ ಪುಣ್ಯವೂ ಸಣ್ಣದಲ್ಲ.

ಆಚಾರ್ಯಪೀಠ

ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯು 1889ರ ಮೇ ತಿಂಗಳಲ್ಲಿ ತೆರೆಯಿತು. ಹಾಲ್‌ಸ್ಟೆಡ್ಡರು ಮೊದಲು ತಾತ್ಕಾಲಿಕವಾಗಿ, 1890ರಿಂದ ಕಾಯಮ್ಮಾಗಿ ಅಲ್ಲಿಯ ಮುಖ್ಯ ಶಸ್ತ್ರವೈದ್ಯರಾದರು. ನ್ಯೂಯಾರ್ಕಿನ ಚಟುವಟಿಕೆಯ, ಸ್ನೇಹಪರನಾದ ತರುಣನು ಈಗ ಮಿತಭಾಷಿಯೂ ಏಕಾಂತಪ್ರಿಯನೂ ಆಗಿದ್ದನು. ಉಡಿಗೆಯಲ್ಲಿ ಮಾತ್ರ ಬಹು ನಾಜೂಕು. ಅಂಗಿಗಳನ್ನು ಒಗೆಸಲು ಪ್ಯಾರಿಸಿಗೆ ಕಳುಹುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ.

ಅರಿವಳಿಕೆಯಿಲ್ಲದ ಕಾಲದಲ್ಲಿ ನಿಮಿಷದೊಳಗೆ ಕೊಯ್ದು ಮುಗಿಸುವವನೇ ಶ್ರೇಷ್ಠನೆಂದು ಹೆಸರಾಗುತ್ತಿದ್ದನು. ರೋಗಿಯು ನಿದ್ರೆಯಲ್ಲಿರುವಾಗ ಆತುರವೇಕೆಂದು ಹಾಲ್‌ಸ್ಟೆಡ್ಡರು ನಿಧಾನವನ್ನೇ ವ್ರತವಾಗಿಟ್ಟುಕೊಂಡರು. ಒಂದೊಂದು ರಕ್ತನಾಳದ ತುದಿಯನ್ನೂ ಹಿಡಿದು ನೆತ್ತರು ಸೋರದಂತೆ ಮಾಡುವುದು, ಅಂಗಾಂಗಗಳನ್ನು ಎಳೆಯದೆ ಜಜ್ಜದೆ ಮೃದುವಾಗಿ ಮುಟ್ಟುವುದು, ಸಣ್ಣ ರೇಷ್ಮೆಯ ಎಳೆಯಿಂದ ಬಿಗಿಯಿಲ್ಲದೆ ಹೊಲಿಯುವುದು, ಟೊಳ್ಳು ಉಳಿಯದಂತೆ ಮುಚ್ಚುವುದು, ಶುಚಿತ್ವವನ್ನು ಎಳ್ಳಷ್ಟೂ ಬಿಡದಿರುವುದು: ಇವು ಅವರ ಸೂತ್ರಗಳು. ಹೊಟ್ಟೆಯಲ್ಲಿ ಅಂಟಿಕೆಯುಂಟಾಗದಂತೆ ಎಚ್ಚರವಹಿಸುವ ಇಂದಿನ ವೈದ್ಯರೂ ಈ ಸೂತ್ರಗಳನ್ನೇ ಪಾಲಿಸುತ್ತಾರೆ. ಅಂತ್ರವೃದ್ಧಿ, ಸ್ತನದ ಅರ್ಬುದ, ಗಳಗ್ರಂಥಿಯ ರೋಗ ಇವುಗಳಲ್ಲಿಯೂ ಅವರ ಶಸ್ತ್ರಕ್ರಿಯೆಗಳು ಪ್ರಖ್ಯಾತವಾದುವು. ಸ್ತನರೋಗಕ್ಕೆ ಅವರು ರೂಢಿಗೆ ತಂದ ಅತಿವಿಸ್ತಾರವಾದ ಕೊಯ್ತವನ್ನು ಮುಂದಿನ ತಲೆಮಾರಿನವರು ಅನಾವಶ್ಯಕವೆಂದು ಕಂಡು ಕೈಬಿಟ್ಟರು. ಕೋಮಲಸ್ಪರ್ಶದ ಸೂತ್ರವು ಮಾತ್ರ ಅಳಿಯದೆ ನಿಂತಿತು.

ತಾಯಿಯನ್ನು ಕಾಡಿದ ಪಿತ್ತನಾಳದ ವಿಷಯವನ್ನು ಅವರು ಮರೆಯಲಿಲ್ಲ. ಪಿತ್ತನಾಳವು ಕರುಳನ್ನು ಸೇರುವೆಡೆಯಲ್ಲಿ ಹುಟ್ಟಿದ ಅರ್ಬುದವನ್ನು 1898ರಲ್ಲಿ ಕೊಯ್ದು ತೆಗೆದರು. ಆ ಬಗೆಯ ಶಸ್ತ್ರಕ್ರಿಯೆಗಳಿಗೆ ಅದು ನಾಂದಿಯಾಯಿತು. ಸಣ್ಣಗಿರುವ ನಾಳವನ್ನು ಹೊಲಿಯಲು ಅನುಕೂಲವಾಗಲೆಂದು ಪುಟ್ಟ ಸುತ್ತಿಗೆಯಾಕಾರದ ಸಲಕರಣೆಯನ್ನು ಮಾಡಿಸಿದರು. ನಾಳದ ತುದಿಗೆ ಸಿಕ್ಕಿದ ಹರಳು ಪಿತ್ತವನ್ನು ಹಿಂದಕ್ಕೆ ನೂಕಿ ಮೇದೋಜೀರಕ ಗ್ರಂಥಿಯನ್ನು ಕೆಡಿಸಬಲ್ಲುದೆಂಬುದು ಇವರ ರೋಗಿಯೊಬ್ಬನ ನಿಧನಾನಂತರದ ಪರೀಕ್ಷೆಯಿಂದಲೇ 1901ರಲ್ಲಿ ಗೊತ್ತಾಯಿತು. ಅದನ್ನು ಕಂಡವರು ಯೂಜೀನ್ ಓಪಿಯವರು.

ಕೈಗವಸಿನ ಕಥೆ

ಇವರ ಶಸ್ತ್ರಶಾಲೆಯಲ್ಲಿ ಕೆರೋಲಿನ್ ಹ್ಯಾಂಪ್ಟನ್ ಎಂಬ ದಕ್ಷಳಾದ ದಾದಿಯಿದ್ದಳು. ಕ್ರಿಮಿನಾಶಕವಾದ ಪಾದರಸದ ದ್ರಾವಣದಲ್ಲಿ ದಿನದಿನವೂ ಕೈಯದ್ದಿದುದರಿಂದ ಆಕೆಯ ಚರ್ಮವು ಸುಲಿದು ಉರಿಯತೊಡಗಿತು. ಆಕೆಯು ಕೆಲಸವನ್ನೇ ಬಿಡಬೇಕಾಗಿ ಬಂದಾಗ, 1889-90ರ ಚಳಿಗಾಲದಲ್ಲಿ, ಹಾಲ್‌ಸ್ಟೆಡ್ಡರು ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳುವಾದ ಕೈಗವಸುಗಳನ್ನು ಮಾಡಿಸಿ ತರಿಸಿದರು. 1890ರ ಜೂನ್ ತಿಂಗಳಲ್ಲಿ ಆಕೆಯನ್ನೇ ವರಿಸಿದರು. ದಾದಿಯ ಕೈಯನ್ನು ಕಾಯಲು ಬಂದ ಗವಸು ರೋಗಿಯ ಮೈಯನ್ನು ಕಾಯುವುದೆಂಬುದು ತಿಳಿಯಲು ಕೆಲವು ವರ್ಷಗಳೇ ಹಿಡಿದುವು. ಶಿಷ್ಯರಾದ ಜೋಸೆಫ್ ಬ್ಲಡ್‌ಗುಡ್ಡರು ಪ್ರತಿಯೊಂದು ಶಸ್ತ್ರಕ್ರಿಯೆಯಲ್ಲಿಯೂ ಗವಸನ್ನು ತೊಟ್ಟು, ಗಾಯವು ಕೀವಾಗುವುದು ಬಹಳ ಕಡಿಮೆಯಾಯಿತೆಂದು 1899ರಲ್ಲಿ ಪ್ರಕಟಿಸಿದರು. ಗುರುವಿಗೆ ಹೊಳೆಯದುದು ಶಿಷ್ಯನಿಗೆ ಹೊಳೆಯಿತು. ಗುರುವು ಅದನ್ನು ಸಂತೋಷದಿಂದ ಅಂಗೀಕರಿಸಿದರು.

ಈ ಕಥೆಗೆ ಇನ್ನೊಂದು ಮುಖವೂ ಉಂಟು. ಗವಸು ಸುಲಭವಾಗಿ ಕೈಗೇರಲೆಂದು ಬಳಪದ ಕಲ್ಲಿನ ನುಣುಪು ಪುಡಿಯನ್ನು ಮುಂದೆ ಸವರತೊಡಗಿದರು. ಆ ಪುಡಿಯು ಹೊಟ್ಟೆಯೊಳಗೆ ಉದುರಿ ಗಂಟುಗಳನ್ನೂ ಅಂಟಿಕೆಗಳನ್ನೂ ಉಂಟುಮಾಡುವುದೆಂದು ಕಾಲಾಂತರದಲ್ಲಿ ಗೊತ್ತಾಯಿತು. ಅದರ ಬದಲು ಮೆಕ್ಕೆಜೋಳದ ಪಿಷ್ಟವು ಬಂದಿತು, ಅದೂ ನಿರ್ದೋಷವಾಗಿರಲಿಲ್ಲ. ಕಡೆಗೆ 2017ರ ಜನವರಿಯಿಂದ ಪುಡಿ ಸವರಿದ ಗವಸುಗಳನ್ನು ಅಮೇರಿಕ ಸರಕಾರವು ನಿಷೇಧಿಸಿತು. ಉಪಕಾರಿಯಾದ ವಸ್ತುವಿನಲ್ಲಿಯೂ ದೋಷವು ಅಡಗಿರಬಹುದು. ಅದನ್ನು ಹುಡುಕಿ ತಿದ್ದುವುದೇ ವಿದ್ಯೆಯ ಧರ್ಮ.

ಶಿಷ್ಯಸಂಪತ್ತು

ಹಾಲ್‌ಸ್ಟೆಡ್ಡರ ನಿಜವಾದ ಸ್ಮಾರಕವು ಅವರ ಶಿಷ್ಯಮಂಡಲಿ. ಯುರೋಪಿನಲ್ಲಿ ಕಂಡ ಪದ್ಧತಿಯನ್ನು ತಿದ್ದಿ ಬೆಳೆಸಿ, ತರುಣ ವೈದ್ಯನು ಅನೇಕ ವರ್ಷ ಆಸ್ಪತ್ರೆಯಲ್ಲಿಯೇ ವಾಸಿಸುತ್ತ, ನೋಡಿ ಕಲಿತು, ಕೈಜೋಡಿಸಿ ಕಲಿತು, ಬರಬರುತ್ತ ಹೊಣೆಯನ್ನು ಹೊತ್ತು ಕಲಿಯುವಂತೆ ಏರ್ಪಡಿಸಿದರು. ಮುಖ್ಯ ಅಂತೇವಾಸಿಯ ಪದವಿಗೆ ಏರಿದವರು ಅವರ ಕಾಲದಲ್ಲಿ ಹದಿನೇಳು ಮಂದಿ ಮಾತ್ರ. ಮಿದುಳಿನ ಶಸ್ತ್ರವೈದ್ಯಕ್ಕೆ ಹೆಸರಾದ ಹಾರ್ವೆ ಕುಷಿಂಗರು ಅವರ ಗರಡಿಯಲ್ಲಿಯೇ ಪಳಗಿದವರು. ಶಿಷ್ಯರು ದೇಶದ ನಾನಾ ಕಡೆಗೆ ಹೋಗಿ ಅದೇ ಪದ್ಧತಿಯನ್ನು ನೆಲೆಗೊಳಿಸಿದರು.

ಅಂತ್ಯಕಾಲ

ಇಳಿವಯಸ್ಸಿನಲ್ಲಿ ಗುರುವಿಗೆ ಪಿತ್ತದ ಹರಳಿನ ಬೇನೆಯು ತಟ್ಟಿತು. 1919ರಲ್ಲಿ ಶಿಷ್ಯರಾದ ರಿಚರ್ಡ್ ಫಾಲಿಸರು ಅವರ ಪಿತ್ತಕೋಶವನ್ನು ತೆಗೆದು ನಾಳದ ಹರಳುಗಳನ್ನೂ ಹೊರತಂದರು. ಸ್ವಲ್ಪ ಕಾಲ ನೆಮ್ಮದಿಯುಂಟಾಯಿತು. 1922ರ ಬೇಸಿಗೆಯಲ್ಲಿ ಉತ್ತರ ಕೆರೊಲಿನಾದ ಬೆಟ್ಟದ ಮನೆಯಲ್ಲಿದ್ದಾಗ ನೋವೂ ಕಾಮಾಲೆಯೂ ಮರುಕಳಿಸಿದುವು. ಪಿತ್ತಕೋಶವು ಹೋದ ಮೇಲೆಯೂ ನಾಳದಲ್ಲಿ ಹರಳು ಇರಬಹುದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು? ಬಾಲ್ಟಿಮೋರಿಗೆ ಮರಳಿದರು.

ಶಿಷ್ಯರಾದ ಜಾರ್ಜ್ ಹೂಯರರೂ ಮಾಂಟ್ ರೀಡರೂ ಸಿನ್ಸಿನಾಟಿ ಪಟ್ಟಣದಿಂದ ಬಂದು ಆಗಸ್ಟಿನಲ್ಲಿ ಗುರುವಿನ ಹೊಟ್ಟೆಯನ್ನು ತೆರೆದರು. ಒಮ್ಮೆ ಕೊಯ್ದ ಹೊಟ್ಟೆಯನ್ನು ಮತ್ತೆ ಕೊಯ್ಯುವುದು ಎಷ್ಟು ಕಠಿನವೆಂಬುದನ್ನು ಮೇಲೆಯೇ ಹೇಳಿದೆ. ಅದರ ಮೇಲೆ ಕತ್ತಿಯ ಕೆಳಗಿದ್ದವರು ಆ ಕತ್ತಿಯನ್ನು ಹಿಡಿಯಲು ಕಲಿಸಿದವರು. ನಲವತ್ತು ವರ್ಷಗಳ ಹಿಂದೆ ಅಡಿಗೆಮನೆಯ ದೀಪದ ಬೆಳಕಿನಲ್ಲಿ ಮಗನು ಹೊತ್ತ ಭಾರವನ್ನೇ ಈಗ ಶಿಷ್ಯರು ಹೊತ್ತರು. ನಾಳದ ಹರಳನ್ನು ತೆಗೆದರು, ಕೈಯಲ್ಲಿ ಲೋಪವಾಗಲಿಲ್ಲ. ಆದರೆ ಬಳಲಿದ ದೇಹಕ್ಕೆ ನ್ಯುಮೋನಿಯಾ ಅಡಸಿತು. ಅದನ್ನು ಗೆಲ್ಲುವ ಔಷಧವು ಅಂದಿಗೆ ಲೋಕದಲ್ಲಿರಲಿಲ್ಲ. 1922ರ ಸೆಪ್ಟೆಂಬರ್ 7ರಂದು, ಎಪ್ಪತ್ತು ತುಂಬಲು ಕೆಲವೇ ದಿನಗಳಿರುವಾಗ, ಹಾಲ್‌ಸ್ಟೆಡ್ಡರು ದೇಹವನ್ನು ಬಿಟ್ಟರು. ಪತ್ನಿಯೂ ಅದೇ ವರ್ಷದೊಳಗೆ ಪತಿಯನ್ನು ಹಿಂಬಾಲಿಸಿದಳು.

ಉಪಸಂಹಾರ

ಮಗನು ಕೈನಡುಗದೆ ಮಾಡಿದ ಆ ಕಾರ್ಯವು ಇಂದು ನಿತ್ಯದ ಕಾರ್ಯವಾಗಿದೆ. 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ಬಾಯಿಯಿಂದ ಕೊಳವೆಯನ್ನು ಇಳಿಸಿ, ಹೊಟ್ಟೆಯನ್ನು ಕೊಯ್ಯದೆಯೇ ನಾಳದ ಬಾಯನ್ನು ಬಿಡಿಸಿ ಹರಳನ್ನು ತೆಗೆಯುವ ದಾರಿಯನ್ನು ತೋರಿಸಿದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆಯವರು ದೂರ್ಬೀನಿನ ನೆರವಿನಿಂದ ಸಣ್ಣ ರಂಧ್ರಗಳ ಮೂಲಕವೇ ಪಿತ್ತಕೋಶವನ್ನು ತೆಗೆದರು. ಗಾಯವು ಕಿರಿದಾದುದರಿಂದ ಅಂಟಿಕೆಯ ಭಯವೂ ಕಿರಿದಾಯಿತು. ಆದರೂ ಇಂದಿಗೂ ನಮ್ಮ ಜನರಲ್ಲಿ ಅನೇಕರು ಬಲಪಕ್ಕೆಯ ನೋವನ್ನು ವಾಯುವೆಂದೂ ಅಜೀರ್ಣವೆಂದೂ ಭ್ರಮಿಸಿ ದಿನಗಳೆಯುತ್ತಾರೆ. ನೋವಿನೊಡನೆ ಚಳಿಜ್ವರವೂ ಕಾಮಾಲೆಯೂ ಕಂಡರೆ ಒಂದು ದಿನವೂ ತಡೆಯಬಾರದು. ಹಿಂದೆ ಹೊಟ್ಟೆಯ ಶಸ್ತ್ರಕ್ರಿಯೆಯಾದವರು ಅದನ್ನು ವೈದ್ಯನಿಗೆ ಮೊದಲೇ ಅರುಹಬೇಕು. ಅವರಿಗೆ ಹೊಟ್ಟೆಯುಬ್ಬರ, ವಾಂತಿ, ಮಲ ಮತ್ತು ವಾಯುವಿನ ತಡೆ ಇವು ಒಟ್ಟಿಗೆ ಬಂದರೆ ಕರುಳಿನ ದಾರಿ ಕಟ್ಟಿರಬಹುದೆಂದು ತಿಳಿದು ಕೂಡಲೇ ಆಸ್ಪತ್ರೆಯನ್ನು ಸೇರಬೇಕು.

ಹಾಲ್‌ಸ್ಟೆಡ್ಡರು ದೋಷರಹಿತರಾಗಿರಲಿಲ್ಲ, ಆದರೆ ತಮ್ಮ ದೋಷವನ್ನು ರೋಗಿಯ ಮೈಮೇಲೆ ಬೀಳಗೊಡದೆ, ಕೈಹಿಡಿದ ಕಾಯಕವನ್ನು ದಿನದಿನಕ್ಕೂ ಶುಚಿಗೊಳಿಸುತ್ತ ಬಾಳಿದರು. ಅವರು ಗಳಿಸಿಟ್ಟ ಮೃದುಹಸ್ತವೆಂಬ ಸಂಪತ್ತು ಶಿಷ್ಯರಿಂದ ಪ್ರಶಿಷ್ಯರಿಗೆ ಇಳಿದು, ದೇಶದೇಶಗಳ ಶಸ್ತ್ರಶಾಲೆಗಳಲ್ಲಿ ಹೆಸರಿಲ್ಲದ ಎಷ್ಟೋ ತಾಯಂದಿರ ಪ್ರಾಣವನ್ನು ಕಾಯುತ್ತಿದೆ.